ಲಾಂದ್ರದ ಕಂಪನಿಯ ಕೆಂಪು

ಕೊರೊನಾ ಸರಿದ ಮರುವರ್ಷದ ಮಾತು. ಆಗ ನಾನು ಬ್ಯಾಡಗಿಯ ಒಂದು ಖಾಸಗಿ ಪ್ರಯೋಗಾಲಯದಲ್ಲಿ ತಂತ್ರಜ್ಞೆಯಾಗಿದ್ದೆ. ಒಣಮೆಣಸಿನಕಾಯಿಯ ಬಣ್ಣ ಅಳೆಯುವುದು ನನ್ನ ಕೆಲಸ. ನಮ್ಮ ಭಾಗದ ಕಾಯಿಗೆ ಬೆಲೆ ಬರುವುದು ಖಾರಕ್ಕಿಂತ ಹೆಚ್ಚಾಗಿ ಬಣ್ಣಕ್ಕೆ. ವ್ಯಾಪಾರಿಗಳು ತಂದ ಕಾಯಿಯನ್ನು ಪುಡಿ ಮಾಡಿ ಅಸಿಟೋನಿನಲ್ಲಿ ನೆನೆಹಾಕಿ ಹದಿನಾರು ತಾಸು ಕತ್ತಲಲ್ಲಿ ಇಡುತ್ತೇವೆ. ಅಷ್ಟರಲ್ಲಿ ಬಣ್ಣವೆಲ್ಲ ದ್ರವಕ್ಕೆ ಇಳಿದಿರುತ್ತದೆ. ಆ ದ್ರವದ ಮೂಲಕ ಬೆಳಕು ಹಾಯಿಸಿದರೆ ಎಷ್ಟು ಬೆಳಕನ್ನು ಅದು ತಡೆಯಿತು ಎಂದು ಸ್ಪೆಕ್ಟ್ರೋಫೋಟೋಮೀಟರ್ ಎಂಬ ಯಂತ್ರ ತೋರಿಸುತ್ತದೆ. ಹೆಚ್ಚು ತಡೆದಷ್ಟೂ ಒಳ್ಳೆಯ ಬಣ್ಣ. ನನ್ನ ಅರ್ಧ ಆಯುಷ್ಯ ಆ ಒಂದು ಕೆಂಪನ್ನು ನೋಡುವುದರಲ್ಲಿ ಕಳೆದಿದೆ.

ಈ ಪ್ರಕರಣ ಶುರುವಾಗುವ ಹಿಂದಿನ ದಿನ ಶನಿವಾರ. ಎಂದಿನಂತೆ ಬ್ಯಾಡಗಿಯಿಂದ ಬಸ್ಸು ಹಿಡಿದು, ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿಗೆ ಬಂದು, ಸಂಜೆಗೆ ಹಾವೇರಿ ಮುಟ್ಟಿದೆ. ಮೈಮೇಲಿನ ಘಾಟು ಹೋಗಲೆಂದು ಸ್ನಾನ ಮಾಡಿ ರೊಟ್ಟಿ ಬಡಿಯಲು ಕೂತೆ. ನಮ್ಮ ಯಜಮಾನರು ಅಡುಗೆಮನೆಯ ಬಾಗಿಲಿಗೆ ಒರಗಿ ಮೊಬೈಲು ಹಿಡಿದು ಕೂತಿದ್ದರು. ಅವರು ಹಾವೇರಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಊರೆಲ್ಲ ಅವರನ್ನು ಮಾಸ್ತರು ಎಂದೇ ಕರೆಯುತ್ತಿತ್ತು.

ಮೊಬೈಲಿನಲ್ಲಿ ಒಂದು ಮೂಕಿ ಚಿತ್ರ ಓಡುತ್ತಿತ್ತು. ಇಂಗ್ಲಿಷ್ ಎಂದರೆ ಹೆದರುವ ಮಕ್ಕಳಿಗೆ ಓದು ಕಲಿಸಲು ಅವರು ಕಂಡುಕೊಂಡಿದ್ದ ಉಪಾಯ ಅದು. ಮೂಕಿ ಚಿತ್ರಗಳಲ್ಲಿ ಮಾತಿಲ್ಲ. ನಡುನಡುವೆ ಎರಡೆರಡು ಸಾಲಿನ ಫಲಕ ಬರುತ್ತದೆ. ಮಕ್ಕಳು ಕಥೆಯ ಆಸೆಗೆ ಆ ಎರಡು ಸಾಲನ್ನು ಓದಿಯೇ ಓದುತ್ತಾರೆ. ಶಾಲೆ ಬಿಟ್ಟ ಮೇಲೂ ಅವರಿಗೆ ಆ ಚಿತ್ರಗಳ ನಂಟು ಬಿಡಲಿಲ್ಲ. ನನಗೆ ಫಲಕಗಳನ್ನು ಕನ್ನಡದಲ್ಲಿ ಓದಿ ಹೇಳುವುದು ರಾತ್ರಿಯ ಊಟದಷ್ಟೇ ಖಾಯಂ ಆಗಿತ್ತು.

“ಏನ್ ಬರದಾರ್ರಿ ಈಗ?” ಎಂದು ಕೇಳಿದೆ.

“‘ಅಪ್ಪಾ, ನಾ ಊರು ಬಿಟ್ಟು ಹೊಂಟೇನಿ. ಒಲಿ ಮ್ಯಾಲೆ ಹಾಲಿಟ್ಟೇನಿ, ಉಕ್ಕಿ ಹೋದೀತು, ನೋಡ್ಕೊ’ ಅಂತ.”

“ಅಷ್ಟುದ್ದ ಎಲ್ಲೈತ್ರಿ? ಎರಡ ಸಾಲು ಅದಾವ.”

“ಉಳದದ್ದು ಆ ಹುಡಿಗಿ ಮಾರಿ ಮ್ಯಾಲೆ ಬರದೈತಿ, ಗಿರಿಜಾ. ಓದಾಕ ಬರಬೇಕು.”

“ಹಾಲು ಸೈತ?”

“ಹಾಲು ಸೈತ.”

ಅಂದು ನೋಡಿದ್ದು ಲಾಂದ್ರದ ಕಂಪನಿಯ ಚಿತ್ರ. ಆ ಹೆಸರು ನಾವು ಮನೆಯಲ್ಲಿ ಇಟ್ಟುಕೊಂಡದ್ದು. ಅದು ನೂರು ವರ್ಷಕ್ಕೂ ಹಿಂದೆ ಅಮೆರಿಕದ ಒಂದು ಸಣ್ಣ ಊರಿನಲ್ಲಿದ್ದ ಚಿತ್ರ ತಯಾರಿಕಾ ಕಂಪನಿ. ಅದರ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುವುದು ನಮ್ಮವರ ನಿವೃತ್ತಿಯ ಕೆಲಸವಾಗಿತ್ತು. ಹಳೆಯ ಸಿನಿಮಾ ಪತ್ರಿಕೆಗಳನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿ, ಒಂದೊಂದು ಸುದ್ದಿಯನ್ನೂ ಹೆಕ್ಕಿ ಬರೆಯುತ್ತಿದ್ದರು.

ಅವರು ಹೇಳಿದ್ದರಲ್ಲಿ ನನಗೆ ನೆನಪಿರುವಷ್ಟು ಹೀಗಿದೆ. ಭಾವಚಿತ್ರ ತೆಗೆಯುತ್ತಿದ್ದ ಒಬ್ಬ ಫೋಟೋಗ್ರಾಫರ್ ಮತ್ತು ಅವನ ಅಕ್ಕ ಸೇರಿ ಕಂಪನಿ ಕಟ್ಟಿದರು. ಚಳಿಗಾಲದಲ್ಲಿ ಕೆರೆಯಿಂದ ಕಡಿದ ಮಂಜುಗಡ್ಡೆಯನ್ನು ಬೇಸಿಗೆಯವರೆಗೆ ಕಾಯ್ದಿಡುವ ಗೋದಾಮೊಂದು ಖಾಲಿ ಬಿದ್ದಿತ್ತು. ಅದರ ಮಾಳಿಗೆ ತೆಗೆಸಿ ಗಾಜು ಹಾಕಿಸಿದರು. ಸೂರ್ಯನ ಬೆಳಕಿನಲ್ಲೇ ಚಿತ್ರ ತೆಗೆಯಬೇಕಿದ್ದ ಕಾಲ ಅದು. ಅಕ್ಕ ಕಥೆ ಬರೆದಳು, ತಮ್ಮ ಕ್ಯಾಮೆರಾದ ಹಿಡಿಕೆ ತಿರುಗಿಸಿದ. ಬಡಿಗೆಯವನೇ ಪೊಲೀಸನ ವೇಷ ಹಾಕಿದ. ಹಾಲಿನವನ ಕುದುರೆಯೇ ರಾಜನ ಕುದುರೆಯಾಯಿತು. ವಾರಕ್ಕೊಂದು ಚಿತ್ರ, ಒಂದೊಂದು ಕಾಲು ತಾಸಿನದು.

ಬೇರೆಯವರು ಚಿತ್ರದ ನಕಲು ತೆಗೆದು ತಮ್ಮದೆಂದು ಮಾರುತ್ತಿದ್ದರಿಂದ, ಆ ಕಾಲದ ಕಂಪನಿಗಳು ತಮ್ಮ ಗುರುತನ್ನು ದೃಶ್ಯದೊಳಗೇ ಇಡುತ್ತಿದ್ದವಂತೆ. ಈ ಕಂಪನಿಯ ಗುರುತು ಒಂದು ಲಾಂದ್ರ. ಪ್ರತಿ ದೃಶ್ಯದಲ್ಲೂ ಗೋಡೆಯ ಮೇಲೆ ಅದು ತೂಗಬೇಕು. ಕಾಡಿನ ದೃಶ್ಯವಾದರೆ ಹಾಡಹಗಲಲ್ಲೇ ಮರದ ಟೊಂಗೆಗೆ ತೂಗುಹಾಕುತ್ತಿದ್ದರು. ಅದನ್ನು ಹೇಳಿ ನಮ್ಮವರು ಮನಸಾರೆ ನಗುತ್ತಿದ್ದರು. ನಕ್ಕಾದ ಮೇಲೆ, “ಎಷ್ಟ್ ಕಷ್ಟಪಟ್ಟಾರ ನೋಡು” ಎನ್ನುತ್ತಿದ್ದರು.

ಒಂದು ಚಳಿಗಾಲ ಆ ಗೋದಾಮಿಗೆ ಬೆಂಕಿ ಬಿತ್ತು. ಯಾರಿಗೂ ಜೀವಾಪಾಯವಾಗಲಿಲ್ಲ, ಆದರೆ ಅದುವರೆಗೆ ತೆಗೆದ ಚಿತ್ರಗಳ ಮೂಲ ಪ್ರತಿಗಳೆಲ್ಲ ಸುಟ್ಟುಹೋದವು, ಹೊರಗೆ ಮಾರಿದ್ದ ಕೆಲವು ನಕಲುಗಳಷ್ಟೇ ಉಳಿದವು. ವಾರ ಕಳೆಯುವುದರೊಳಗೆ ಅಕ್ಕ-ತಮ್ಮ ಆ ಸುಟ್ಟ ಗೋಡೆಗಳ ನಡುವೆಯೇ ನಿಂತು ಮುಂದಿನ ಚಿತ್ರ ತೆಗೆದರಂತೆ. ಬೂದಿಯೇ ರಂಗಸಜ್ಜಿಕೆ. ಈ ಸಂಗತಿ ಒಂದು ಪತ್ರಿಕೆಯ ನಾಲ್ಕು ಸಾಲಿನಲ್ಲಿ ಮಾತ್ರ ಉಳಿದಿತ್ತು. ಚಿತ್ರದ ಪ್ರತಿ ಎಲ್ಲಿಯೂ ಇದ್ದಂತೆ ಗೊತ್ತಿರಲಿಲ್ಲ. ನಮ್ಮವರ ಬರಹ ಅಲ್ಲಿಗೆ ಬಂದು ನಿಂತಿತ್ತು. ನೋಡದೆ ಹೇಗೆ ಬರೆಯಲಿ ಎಂದು ಆ ಭಾಗವನ್ನು ಹಾಗೆಯೇ ಬಿಟ್ಟಿದ್ದರು. ಅವರ ಎದೆಗೆ ಸ್ಟೆಂಟ್ ಹಾಕಿ ಆಗಲೇ ಕೆಲವು ತಿಂಗಳಾಗಿದ್ದವು. ಅದನ್ನು ಬರೆದು ಮುಗಿಸಬೇಕೆಂಬ ಆತುರ ಅವರಲ್ಲಿ ಹುಟ್ಟಿದ್ದನ್ನು ನಾನು ಕಂಡಿದ್ದೆ.

ಮರುದಿನ ರವಿವಾರ ಬೆಳಿಗ್ಗೆ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ಬಂತು. ಕಳಿಸಿದವನು ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿದ್ದ ಮಲ್ಲೇಶಪ್ಪ. ತವರದ ಡಬ್ಬಿ, ಅದರೊಳಗೆ ಸುತ್ತಿದ ಫಿಲ್ಮು. ಇದೇನೆಂದು ಯಾರಿಗಾದರೂ ಗೊತ್ತೇ ಎಂದು ಕೇಳಿದ್ದ. ನಮ್ಮವರು ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿದರು. ಫಿಲ್ಮಿನ ಒಂದು ಅಂಚಿನಲ್ಲಿ ಪ್ರತಿ ಚಿತ್ರಕ್ಕೆ ಮೂರು ರಂಧ್ರ, ಇನ್ನೊಂದು ಅಂಚಿನಲ್ಲಿ ಒಂದೇ ರಂಧ್ರ. ಥಿಯೇಟರಿನ ಫಿಲ್ಮು ಹಾಗಿರುವುದಿಲ್ಲ. ಅದು ಮೂಕಿ ಕಾಲದಲ್ಲಿ ಶ್ರೀಮಂತರು ಮನೆಯಲ್ಲೇ ಕೈಯಿಂದ ತಿರುಗಿಸಿ ನೋಡುತ್ತಿದ್ದ ಯಂತ್ರದ ಫಿಲ್ಮು, ಥಿಯೇಟರಿನದರಂತೆ ಭಗ್ಗನೆ ಉರಿಯುವುದಿಲ್ಲ ಎಂದು ವಿವರಿಸಿದರು. ನಾನು ಚಹಾ ಇಳಿಸುವಷ್ಟರಲ್ಲಿ ಅಂಗಿ ಹಾಕಿಕೊಂಡು ನಿಂತಿದ್ದರು.

“ಡಾಕ್ಟರ್ ತಿರುಗಾಡಬ್ಯಾಡ್ರಿ ಅಂದಾರ” ಎಂದೆ.

“ರಾಣೆಬೆನ್ನೂರು ತಿರುಗಾಟ ಹೆಂಗಾಕ್ಕೈತಿ? ಮಗ್ಗಲ ಮನಿ ಇದ್ದಂಗ. ನೀನೂ ನಡಿ.”

ಮಲ್ಲೇಶಪ್ಪನ ಮುತ್ತಜ್ಜ ಹತ್ತಿ ವ್ಯಾಪಾರಿ. ಮುಂಬೈಗೆ ಹೋದಾಗ ಆ ಯಂತ್ರವನ್ನೂ ಕೆಲವು ಫಿಲ್ಮುಗಳನ್ನೂ ಕೊಂಡು ತಂದಿದ್ದನಂತೆ. ಯಂತ್ರ ಯಾವಾಗಲೋ ಗುಜರಿಗೆ ಹೋಗಿತ್ತು. ಉಳಿದದ್ದು ಈ ಒಂದು ಡಬ್ಬಿ. ಮನೆಯವರು ಬ್ಯಾಡಗಿಯಿಂದ ತರುತ್ತಿದ್ದ ಮೆಣಸಿನಕಾಯಿ ಚೀಲಗಳನ್ನು ಅದೇ ಅಟ್ಟದ ಮೇಲೆ ಒಟ್ಟುತ್ತಿದ್ದರು. ಡಬ್ಬಿ ವರ್ಷಗಟ್ಟಲೆ ಅವುಗಳ ಕೆಳಗೇ ಬಿದ್ದಿತ್ತು. ಆ ಘಾಟಿಗೆ ಇಲಿಗಳು ಹತ್ತಿರ ಬರಲಿಲ್ಲ ಎಂದು ಮಲ್ಲೇಶಪ್ಪನ ತಾಯಿ ಹೇಳಿದರು. ಮುಚ್ಚಳ ತೆಗೆದ ಕೂಡಲೇ ನಾವೆಲ್ಲ ಸೀನಿದೆವು.

ಸುರುಳಿಯ ಒಳಭಾಗದ ಒಂದು ದೊಡ್ಡ ತುಂಡು ಅಚ್ಚ ಕೆಂಪಾಗಿತ್ತು.

“ಅಕ್ಕಾರ, ನೀವೂ ಬಂದದ್ದು ಭಾಳ ಚಲೋ ಆತು” ಎಂದ ಮಲ್ಲೇಶಪ್ಪ. “ಮಾಸ್ತರ್ರು ಏನಂತ ಹೇಳ್ತಾರ, ನೀವು ಬಣ್ಣ ತಗದು ಕೊಡ್ರಿ. ಹೊಸಾ ಮನಿಗೆ ಗಾಜಿನ ಕಪಾಟು ಮಾಡ್ಸೇನಿ. ಮುತ್ತ್ಯಾನ ಫೋಟೋದ ಕೆಳಗ ಇಡೂದೈತಿ. ಮೆಣಸಿನಕಾಯಿ ಬಣ್ಣ ಇಳದು ಹೆಂಗಾಗೈತಿ ನೋಡ್ರಿ. ಹೊರಗಿನ ಸುತ್ತಿಗೂ ಕೆಂಪು ಪುಡಿ ಹತ್ತಿತ್ತು. ಮುಂಜಾನೆ ನಾನ ಚೂರು ಒರಸೇನಿ.”

“ಯಾತರಾಗ ಒರಸೀರಿ?” ಎಂದು ಕೇಳಿದೆ.

“ನಿಮ್ಮ ಲ್ಯಾಬಿನ್ಯಾಗ ಕಂಡಿದ್ನೆಲ್ಲ, ಅಸಿಟೋನು. ಅದು ಇರಲಿಲ್ಲ. ಸೊಸಿ ಉಗುರಬಣ್ಣ ತಗಿಯೂ ಬಾಟ್ಲಿ ಮ್ಯಾಲೆ ಅದ ಹೆಸರು ಬರದಿತ್ತು.”

ಬ್ಯಾಡಗಿ ಮಾರುಕಟ್ಟೆಯಲ್ಲಿ ಓಡಾಡಿದ ಯಾರಿಗಾದರೂ ಹೊಳೆಯುವ ಉಪಾಯವೇ ಅದು. ಮೆಣಸಿನಕಾಯಿಯ ಕೆಂಪನ್ನು ಅಸಿಟೋನ್ ಬಿಡಿಸುತ್ತದೆ. ಆದರೆ ಆ ಜಾತಿಯ ಫಿಲ್ಮನ್ನೂ ಅದು ಕರಗಿಸುತ್ತದೆ. ಸುರುಳಿಯ ಹೊರಗಿನ ಒಂದು ಮೊಳದಷ್ಟು ಫಿಲ್ಮು ಬೆಲ್ಲದ ಪಾಕದಂತೆ ಕರಗಿ, ಒಂದಕ್ಕೊಂದು ಅಂಟಿ, ಗಟ್ಟಿಯಾಗಿತ್ತು.

ನಮ್ಮವರು ಅದನ್ನು ಮುಟ್ಟಿ ನೋಡಿ, “ಹೆಸರಿನ ಫಲಕ ಇರೂದು ಇಲ್ಲೇ” ಎಂದರು.

ಮಲ್ಲೇಶಪ್ಪನ ಮುಖ ಬಾಡಿತು. “ನಾ ಏನ್ ಮಾಡಿಬಿಟ್ಟೆ ಮಾಸ್ತರ.”

“ಇರಲಿ ಬಿಡೋ. ಸಾಲಿಯೊಳಗೂ ನೀ ಮೊದಲನೇ ಹಾಳಿ ಹರದ ಪುಸ್ತಕಾನ ತರತಿದ್ದಿ.”

ಅವನ ತಾಯಿ ನಕ್ಕರು. ನಮ್ಮವರು ನಗಲಿಲ್ಲ. ಹೆಸರು ಹೋದ ಮೇಲೆ ಇದು ಯಾವ ಕಂಪನಿಯ ಯಾವ ಚಿತ್ರವೆಂದು ತಿಳಿಯಲು ಒಳಗಿನ ದೃಶ್ಯಗಳೇ ಗತಿ. ಕೆಂಪಾದ ಭಾಗದಲ್ಲೇ ಸುಟ್ಟ ತೊಲೆಗಳಂಥ ಏನೋ ಕಾಣುತ್ತಿದೆ ಎಂದು ಅವರು ನನ್ನ ಕಿವಿಯಲ್ಲಿ ಹೇಳಿದರು. ಅತ್ತ ಮಲ್ಲೇಶಪ್ಪನಿಗೆ ಕೆಂಪು ಹೋಗಲೇಬೇಕಿತ್ತು. ಬಾಟ್ಲಿ ಬೇಡವಾದರೆ ಸೋಪು ಹಚ್ಚಿ ತೊಳೆದರಾಯಿತು ಎಂದು ಬಕೆಟ್ಟಿನಲ್ಲಿ ನೀರು ತರಿಸಿಯೇಬಿಟ್ಟಿದ್ದ. ಗೃಹಪ್ರವೇಶ ಹತ್ತಿರ ಬಂದಿತ್ತು.

ಮೊದಲ ನೋಟಕ್ಕೆ ನನಗೂ ಅದು ಮೆಣಸಿನಕಾಯಿಯ ಬಣ್ಣವೆಂದೇ ಅನಿಸಿತ್ತು. ಕಿಟಕಿಯ ಬೆಳಕಿಗೆ ಹಿಡಿದಾಗ ಅನುಮಾನ ಬಂತು. ನಮ್ಮ ಕಾಯಿಯ ಕೆಂಪನ್ನು ತೆಳುವಾಗಿ ಹರಡಿದರೆ ಅಂಚು ಕಿತ್ತಳೆಗೆ ತಿರುಗುತ್ತದೆ. ಇದು ಎಲ್ಲಿಯೂ ಕಿತ್ತಳೆಯಾಗಿರಲಿಲ್ಲ.

“ಮಲ್ಲೇಶಪ್ಪ, ನೀರು ಬ್ಯಾಡ. ಒಂದೀಟು ಶೇಂಗಾ ಎಣ್ಣಿ, ಒರಸಾಕ ಅಳ್ಳಿ ಕೊಡ್ರಿ” ಎಂದೆ.

“ಒಗ್ಗರಣಿ ಹಾಕ್ತೀರೇನ್ರಿ ಅಕ್ಕಾರ?”

“ಹೂಂ. ನೀವು ಕುಂದರ್ರಿ.”

ಮೆಣಸಿನಕಾಯಿಯ ಬಣ್ಣ ಎಣ್ಣೆಗೆ ಬಿಡುತ್ತದೆ, ನೀರಿಗೆ ಬಿಡುವುದಿಲ್ಲ. ಒಗ್ಗರಣೆ ಹಾಕುವ ಎಲ್ಲರಿಗೂ ಗೊತ್ತಿರುವ ಸಂಗತಿ. ಹತ್ತಿಯ ತುದಿಗೆ ಸ್ವಲ್ಪ ಎಣ್ಣೆ ಸವರಿ, ಕೆಂಪು ಭಾಗದಲ್ಲಿ ಫಿಲ್ಮಿನ ನುಣುಪಾದ ಹಿಂಬದಿಯನ್ನು ಒರೆಸಿದೆ. ಧೂಳು ಬಂತು, ಬಣ್ಣ ಬರಲಿಲ್ಲ. ಆಮೇಲೆ ಡಬ್ಬಿಯ ತಳದಲ್ಲಿ ಮುರಿದು ಬಿದ್ದಿದ್ದ ಉಗುರಗಲದ ಕೆಂಪು ಚೂರನ್ನು ತೆಗೆದುಕೊಂಡು, ಅದರ ಚಿತ್ರವಿರುವ ಮುಂಬದಿಗೆ ನೀರಿನಲ್ಲಿ ಅದ್ದಿದ ಹತ್ತಿ ಮುಟ್ಟಿಸಿದೆ. ಹತ್ತಿ ಗುಲಾಬಿಯಾಯಿತು.

“ಇದು ನಮ್ಮ ಕಾಯಿದಲ್ಲ” ಎಂದೆ. “ನೀರಿಗೆ ಬಿಡೂ ಬಣ್ಣ. ಯಾರೋ ಹಾಕಿದ್ದು.”

ನಮ್ಮವರು ಸುರುಳಿಯ ಅಂಚನ್ನು ಬೆರಳಲ್ಲಿ ಹಿಡಿದು ನಿಧಾನ ಬಿಡಿಸಿದರು. ಕೆಂಪು ಶುರುವಾಗುವ ಜಾಗದಲ್ಲಿ ಫಿಲ್ಮಿಗೆ ಒಂದು ಜೋಡು ಇತ್ತು. ಎರಡು ತುಂಡುಗಳ ತುದಿಯನ್ನು ಹೆರೆದು, ಒಂದರ ಮೇಲೊಂದು ಇಟ್ಟು ಅಂಟಿಸಿದ್ದು. ಜೋಡಿನ ಈಚೆಗೆ ಕಪ್ಪು-ಬಿಳುಪು, ಆಚೆಗೆ ಕೆಂಪು. ಕೆಂಪು ಮುಗಿಯುವಲ್ಲಿಯೂ ಅಂಥದೇ ಜೋಡು.

“ಮೆಣಸಿನಕಾಯಿಗೆ ಜೋಡು ಗೊತ್ತಾಗತೈತೇನು?” ಎಂದರು. ಆಮೇಲೆ ಮಲ್ಲೇಶಪ್ಪನನ್ನು ಎದುರಿಗೆ ಕೂಡಿಸಿಕೊಂಡು, ಶಾಲೆಯಲ್ಲಿ ಹೇಳಿದಂತೆ ಹೇಳಿದರು. ಆಗ ಬಣ್ಣದ ಚಿತ್ರ ತೆಗೆಯಲು ಬರುತ್ತಿರಲಿಲ್ಲ. ಬೆಂಕಿಯ ದೃಶ್ಯವಾದರೆ ಆ ತುಂಡನ್ನು ಕೆಂಪು ಬಣ್ಣದ ನೀರಿನಲ್ಲಿ ಅದ್ದುತ್ತಿದ್ದರು. ರಾತ್ರಿಯಾದರೆ ನೀಲಿಯಲ್ಲಿ. ಒಣಗಿದ ಮೇಲೆ ಮತ್ತೆ ಮುಂದಿನ ತುಂಡಿಗೆ ಜೋಡಿಸಬೇಕು. ಪ್ರತಿಯೊಂದು ಪ್ರತಿಯಲ್ಲೂ ಪ್ರತಿಯೊಂದು ಜೋಡನ್ನೂ ಕೈಯಿಂದಲೇ ಹಾಕಬೇಕು. ಕಂಪನಿಯ ಹಿಂದಿನ ಕೋಣೆಯಲ್ಲಿ ಸಾಲಾಗಿ ಕೂತು ಅದನ್ನು ಮಾಡುತ್ತಿದ್ದವರು ಹೆಣ್ಣುಮಕ್ಕಳು. ಅವರ ಹೆಸರು ಯಾವ ಪತ್ರಿಕೆಯಲ್ಲೂ ಇಲ್ಲ.

ನನಗೆ ಬ್ಯಾಡಗಿಯಲ್ಲಿ ಸಾಲಾಗಿ ಕೂತು ಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಕಣ್ಣಿಗೆ ಬಂದರು. ಆ ಜೋಡನ್ನು ಮತ್ತೊಮ್ಮೆ ನೋಡಿದೆ. ನೂರು ವರ್ಷವಾದರೂ ಅದು ಒಂದು ಕೂದಲೆಳೆಯಷ್ಟೂ ಸರಿದಿರಲಿಲ್ಲ.

ಓಣಿಯ ಗಡಿಯಾರ ರಿಪೇರಿಯವರಿಂದ ಭೂತಗನ್ನಡಿ ತರಿಸಿದರು. ನಮ್ಮವರು ಕಿಟಕಿಯ ಹತ್ತಿರ ನಿಂತು ಒಂದೊಂದೇ ಚಿತ್ರವನ್ನು ಕಣ್ಣಿಗೆ ಹಿಡಿದರು. ಒಂದು ಚಿತ್ರದ ಹತ್ತಿರ ಬಂದಾಗ ಅವರ ಕೈ ಎದೆಯ ಮೇಲೆ ಹೋಯಿತು. ಎದೆ ನೋವೇನೋ ಎಂದು ನಾನು ಹತ್ತಿರ ಹೋದೆ. ಅವರು ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟರು.

“ಎಡಕ್ಕ ನೋಡು. ಗ್ವಾಡಿ ಮ್ಯಾಲೆ.”

ಸುಟ್ಟು ಕುಸಿದ ತೊಲೆಗಳ ನಡುವೆ ಒಬ್ಬ ಹೆಂಗಸು ನಿಂತಿದ್ದಳು. ಅವಳ ಎಡಕ್ಕೆ, ಅರ್ಧ ಉಳಿದ ಗೋಡೆಯ ಮೊಳೆಗೆ, ಗಾಜಿಲ್ಲದ ಒಂದು ಲಾಂದ್ರ ತೂಗುತ್ತಿತ್ತು. ಕಟ್ಟಡವೇ ಸುಟ್ಟ ಮೇಲೂ ಅವರು ಲಾಂದ್ರ ತೂಗುಹಾಕುವುದನ್ನು ಬಿಟ್ಟಿರಲಿಲ್ಲ.

“ಅಂದ್ರ ಇದು ಹತ್ತಿದ ಕಲಿ ಅಲ್ಲ?” ಎಂದು ಕೇಳಿದ ಮಲ್ಲೇಶಪ್ಪ.

“ಬೆಂಕಿಯಪಾ ಇದು” ಎಂದರು ನಮ್ಮವರು. “ತೊಳದು ಬಿಡಾಂವ ಇದ್ದಿ.”

ಮಲ್ಲೇಶಪ್ಪ ಎದ್ದು ಹೋಗಿ ಬಕೆಟ್ಟಿನ ನೀರನ್ನು ಅಂಗಳದ ತುಳಸಿಗೆ ಸುರಿದು ಬಂದ. ಡಬ್ಬಿಯನ್ನು ತಾನೇ ನಮ್ಮವರ ಕೈಯಲ್ಲಿಟ್ಟ. “ಕಪಾಟಿನ್ಯಾಗ ಬ್ಯಾರೆ ಏನರ ಇಡತೇನಿ ಮಾಸ್ತರ. ಇದರದು ನೀವ ನೋಡ್ರಿ.”

ಸೋಮವಾರ ಆ ಉಗುರಗಲದ ಚೂರನ್ನು ಲ್ಯಾಬಿನ ಯಂತ್ರದಲ್ಲಿಟ್ಟು ನೋಡಿದೆ. ಮೆಣಸಿನಕಾಯಿಯ ಬಣ್ಣ ಬೆಳಕನ್ನು ತಡೆಯುವ ಜಾಗದಲ್ಲಿ ಇದು ತಡೆಯಲಿಲ್ಲ. ಮಲ್ಲೇಶಪ್ಪನ ಮನೆಯಲ್ಲಿ ಎಣ್ಣೆ, ನೀರು ಹೇಳಿದ್ದನ್ನೇ ಅದೂ ಹೇಳಿತು.

ಹೊರರಾಜ್ಯದ ಒಂದು ಚಿತ್ರ ಸಂಗ್ರಹಾಲಯಕ್ಕೆ ನಮ್ಮವರು ಮೇಲ್ ಬರೆದರು. ಬಂದು ಒಯ್ಯುತ್ತೇವೆ, ಅಲ್ಲಿಯವರೆಗೆ ತಣ್ಣಗಿನ, ಒಣ ಜಾಗದಲ್ಲಿಡಿ ಎಂದು ಉತ್ತರ ಬಂತು. ಬ್ಯಾಡಗಿಯಲ್ಲಿ ತಣ್ಣಗಿನ ಜಾಗಕ್ಕೆ ಕೊರತೆಯೇ? ಮೆಣಸಿನಕಾಯಿ ಚೀಲಗಳನ್ನಿಡುವ ಕೋಲ್ಡ್ ಸ್ಟೋರೇಜುಗಳು ಊರ ಸುತ್ತ ಸಾಲಾಗಿವೆ. ಒಬ್ಬ ಪರಿಚಯದವರು ಮೂಲೆಯೊಂದನ್ನು ಬಿಟ್ಟುಕೊಟ್ಟರು. ಥಂಡಿ ತಾಗದಂತೆ ನಮ್ಮವರು ಶಾಲು ಹೊದ್ದು, ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದ ಡಬ್ಬಿಯನ್ನು ಎದೆಗವಚಿಕೊಂಡು ಒಳಗೆ ಹೋದರು. ಚೀಲಗಳ ನಡುವೆ ಅದನ್ನಿಟ್ಟು ಹೊರಗೆ ಬಂದವರ ಮುಖ ಅರಳಿತ್ತು.

“ಮಂಜುಗಡ್ಡಿ ಗೋದಾಮಿನ್ಯಾಗ ಹುಟ್ಟಿದ್ದು, ತಿರುಗಿ ಮಂಜುಗಡ್ಡಿ ಗೋದಾಮಿಗ ಬಂತು ನೋಡು” ಎಂದರು.

ಸಂಗ್ರಹಾಲಯದವರು ಮಳೆಗಾಲದಲ್ಲಿ ಬಂದು ಡಬ್ಬಿ ಒಯ್ದರು. ಒಣಗಿ ಬಿರುಸಾದ ಫಿಲ್ಮನ್ನು ಹದಕ್ಕೆ ತಂದು ನಕಲು ಮಾಡಲು ತುಂಬ ಕಾಲ ಬೇಕು ಎಂದರು. ನಮ್ಮವರು ಕಾದರು. ಭೂತಗನ್ನಡಿಯಲ್ಲಿ ಕಂಡಷ್ಟರ ಬಲದಿಂದ ಬರಹ ಮುಂದುವರಿಸಿದರು. ಆ ಹೆಂಗಸು ಕಥೆ ಬರೆಯುತ್ತಿದ್ದ ಅಕ್ಕನೇ ಇರಬೇಕು, ನಟರು ಬೇರೆ ಕಡೆ ಹೋಗಿದ್ದರಿಂದ ಅವಳೇ ನಿಂತಿರಬೇಕು ಎಂದು ಅವರ ಊಹೆ. ಓಡುವ ಚಿತ್ರ ನೋಡಿದ ಮೇಲೆ ಖಚಿತ ಮಾಡಿ ಬರೆಯುತ್ತೇನೆ ಎನ್ನುತ್ತಿದ್ದರು. ಹೊಸ ಕಾಯಿ ಬ್ಯಾಡಗಿ ಮಾರುಕಟ್ಟೆಗೆ ಬರತೊಡಗಿ, ನನಗೆ ಉಸಿರಾಡಲು ಬಿಡುವಿಲ್ಲದಷ್ಟು ಕೆಲಸವಿದ್ದ ದಿನಗಳಲ್ಲಿ, ಒಂದು ಮಧ್ಯಾಹ್ನ ನೆರೆಮನೆಯವರ ಫೋನು ಬಂತು. ನಾನು ಹಾವೇರಿ ಮುಟ್ಟುವಷ್ಟರಲ್ಲಿ ನಮ್ಮವರು ಹೋಗಿಬಿಟ್ಟಿದ್ದರು.

ಆಮೇಲೆ ಎರಡು ವರ್ಷಕ್ಕೆ ನಾನೂ ನಿವೃತ್ತಳಾದೆ. ಇಷ್ಟು ವರ್ಷದ ಕೆಲಸದಲ್ಲಿ ನಾನು ಸಾವಿರಾರು ಮಾದರಿಗಳ ಬಣ್ಣ ತೆಗೆದಿದ್ದೇನೆ. ತೆಗೆಯಬಾರದೆಂದು ನಿಲ್ಲಿಸಿದ್ದು ಆ ಒಂದೇ ಸಲ. ಯಾವ ಬಣ್ಣವನ್ನಾಗಲಿ ಕಲೆ ಎಂದು ಒರೆಸುವ ಮೊದಲು, ಅದನ್ನು ಯಾರಾದರೂ ಬೇಕೆಂದೇ ಹಾಕಿದ್ದಾರೆಯೇ ಎಂದು ಕೇಳಬೇಕು. ನನ್ನ ವೃತ್ತಿ ನನಗೆ ಕಲಿಸಿದ್ದರಲ್ಲಿ ಇದನ್ನೇ ನಾನು ದೊಡ್ಡದೆಂದು ಎಣಿಸಿದ್ದೇನೆ. ಅದನ್ನು ಕಲಿಯಲೂ ಆ ದಿನ ಜೋಡನ್ನು ತೋರಿಸುವವರು ಪಕ್ಕದಲ್ಲಿರಬೇಕಾಯಿತು.

ಕಳೆದ ತಿಂಗಳು ಸಂಗ್ರಹಾಲಯದಿಂದ ಪೆನ್‌ಡ್ರೈವ್ ಬಂತು. ಸುದ್ದಿ ಕೇಳಿ ಮಲ್ಲೇಶಪ್ಪ ರಾಣೆಬೆನ್ನೂರಿನಿಂದ ಲ್ಯಾಪ್‌ಟಾಪು ಹಿಡಿದುಕೊಂಡು ಬಂದ. ಅಡುಗೆಮನೆಯ ಬಾಗಿಲ ಬಳಿಯೇ ಕೂತು ನೋಡಿದೆವು. ಹೆಸರಿನ ಫಲಕವಿಲ್ಲದೆ, ನಡುವಿನಿಂದ ಎಂಬಂತೆ ಚಿತ್ರ ಶುರುವಾಗುತ್ತದೆ. ಹೊಗೆ, ಓಡುವ ಜನ, ಆಮೇಲೆ ಇದ್ದಕ್ಕಿದ್ದಂತೆ ಕೆಂಪು. ಆ ಹೆಂಗಸು ಬೂದಿಯೊಳಗೆ ಬಗ್ಗಿ ಬಗ್ಗಿ ಏನನ್ನೋ ಹುಡುಕುತ್ತಾಳೆ. ಲಾಂದ್ರ ಸಿಗುತ್ತದೆ. ಸೆರಗಿನಂಥ ಬಟ್ಟೆಯಿಂದ ಅದನ್ನು ಒರೆಸಿ ಗೋಡೆಗೆ ತೂಗುಹಾಕಿ, ನಮ್ಮ ಕಡೆಗೆ ತಿರುಗಿ ಏನೋ ಹೇಳುತ್ತಾಳೆ. ಫಲಕ ಬರುತ್ತದೆ.

“ಅಕ್ಕಾರ, ಏನ್ ಬರದಾರ್ರಿ?” ಎಂದು ಕೇಳಿದ ಮಲ್ಲೇಶಪ್ಪ.

ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ. ನಿಲ್ಲಿಸಿ, ಅಕ್ಷರ ಕೂಡಿಸಿ ಓದಿದೆ. ನಾಳೆ ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಬನ್ನಿ ಎಂದಿತ್ತು. ಎರಡೇ ಸಾಲು.

ಫಲಕ ಹೋಗಿ ಮತ್ತೆ ಅವಳ ಮುಖ ಬಂತು. ಅದರ ಮೇಲೆ ಇನ್ನೂ ಬಹಳ ಬರೆದಿದೆ. ಅದನ್ನು ಓದಿ ಹೇಳುವವರು ಇಲ್ಲ.